ಡಾಂಬರು ಡ್ರಮ್ಮಿನ ಮನೆ

ರಸ್ತೆಗೆ ಡಾಂಬರು ಹಾಕುವ ಕೂಲಿಯವರ ಸಂಸಾರ ರಸ್ತೆ ಸಾಗಿದತ್ತಲೇ ಸಾಗಬೇಕು. ಖಾಲಿಯಾದ ಡ್ರಮ್ಮನ್ನು ಸೀಳಿ, ಬಡಿದು ಚಪ್ಪಟೆ ಮಾಡಿದರೆ ತಗಡು. ನಾಲ್ಕಾರು ತಗಡು ಸೇರಿದರೆ ಗುಡಿಸಲು. ಅಡುಗೆ, ನಿದ್ದೆ, ಜಗಳ, ಬಾಣಂತನ ಎಲ್ಲ ಅದರೊಳಗೇ. ಬಸ್ಸಿನ ಕಿಟಕಿಯಿಂದ ನಾವೆಲ್ಲ ನೋಡಿ ಮರೆತ ಈ ಮನೆಯನ್ನು ಕಲಾವಿದೆ ಶೀಲಾ ಗೌಡ ಮರೆಯಲಿಲ್ಲ.

2006ರ ಅವರ ‘ಡಾರ್ಕ್‌ರೂಮ್’ ಇಂಥ ಡ್ರಮ್ಮು, ತಗಡುಗಳಿಂದಲೇ ಆದದ್ದು. ಒಂದರ ಮೇಲೊಂದು ನಿಲ್ಲಿಸಿದ ಇಡೀ ಡ್ರಮ್ಮುಗಳು ದೂರಕ್ಕೆ ಕೋಟೆಯ ಬುರುಜಿನಂತೆ ಕಾಣುತ್ತವೆ. ಠೀವಿಯೇನೋ ಇದೆ, ಆದರೆ ಒಳಹೋಗಲು ಮೈ ಬಗ್ಗಿಸಲೇಬೇಕು. ಒಳಗೆ ಕತ್ತಲು. ತಲೆಯೆತ್ತಿದರೆ ಸೂರಿನ ಸಣ್ಣ ಸಣ್ಣ ತೂತುಗಳಿಂದ ಬೆಳಕು ಇಣುಕಿ, ಚುಕ್ಕಿ ತುಂಬಿದ ಆಕಾಶ. ಚೆಂದವೇ ಸರಿ, ನಿಜವಾದ ಗುಡಿಸಲಲ್ಲಾದರೆ ಆ ಚುಕ್ಕಿಗಳೆಲ್ಲ ಮಳೆಗಾಲಕ್ಕೆ ಸೋರುತ್ತವೆ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತದ್ದು ಚಿತ್ರಕಲೆ. 1990ರ ದಶಕದಲ್ಲಿ ಕ್ಯಾನ್ವಾಸಿನಿಂದ ಹೊರಬಂದು ಸಗಣಿ, ಕುಂಕುಮ, ಸೂಜಿ, ದಾರಗಳಿಗೆ ಕೈಹಾಕಿದರು. ನೆಲೆಸಿರುವುದು ಬೆಂಗಳೂರಿನಲ್ಲೇ.

2009ರ ವೆನಿಸ್ ಬಿನಾಲೆಯಲ್ಲಿ ಅವರು ಇಟ್ಟ ‘ಬಿಹೋಲ್ಡ್’ಗೂ ರಸ್ತೆಯ ನಂಟು ಉಂಟು. ದೇವಸ್ಥಾನಗಳಲ್ಲಿ ಹರಕೆಗೆ ಕೊಟ್ಟ ಮುಡಿಯಲ್ಲಿ ಉದ್ದನೆಯದು ವಿಗ್ಗಿಗೆ ಹೋಗುತ್ತದೆ. ತುಂಡು ಕೂದಲನ್ನು ಹಗ್ಗವಾಗಿ ಹೊಸೆದು ಗಾಡಿಗೆ ದೃಷ್ಟಿ ತಾಗದಿರಲೆಂದು ಬಂಪರಿಗೆ ಕಟ್ಟುತ್ತಾರೆ. ಅಂಥ ಸುಮಾರು 4 ಕಿಲೋಮೀಟರ್ ಹಗ್ಗದಲ್ಲಿ ಫಳಫಳಿಸುವ ಬಂಪರುಗಳನ್ನು ಶೀಲಾ ತೂಗಿಬಿಟ್ಟರು. ಯಾವ ಊರಿನ, ಯಾವ ಜಾತಿಯ ತಲೆಗೂದಲೋ, ಒಂದೇ ಎಳೆಯಲ್ಲಿ ಹೊಸೆದುಕೊಂಡಿದೆ. ಊರಲ್ಲಿ ಇವರೆಲ್ಲ ಒಂದೇ ಜಗಲಿಯಲ್ಲಿ ಕೂರುತ್ತಿದ್ದರೇ ಎಂದು ನನಗೆ ಅನುಮಾನ.

ಆ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. 2019ರಲ್ಲಿ ಮಿಲಾನ್, ಮರುವರ್ಷ ಮ್ಯೂನಿಕ್ ನಗರಗಳಲ್ಲಿ ಶೀಲಾ ಅವರ ದೊಡ್ಡ ಪ್ರದರ್ಶನಗಳಾದವು. ಇತ್ತ ನಮ್ಮ ಹೆದ್ದಾರಿಗಳಿಗೆ ಡಾಂಬರು ಟ್ಯಾಂಕರಿನಲ್ಲೇ ಬರುವುದು ಹೆಚ್ಚಾಗಿದೆ. ಡ್ರಮ್ಮಿನ ಮನೆಯಿದ್ದ ಕಡೆ ನೀಲಿ ಟಾರ್ಪಾಲು ಕಾಣುತ್ತದೆ. ‘ಡಾರ್ಕ್‌ರೂಮ್’ ಒಮ್ಮೆಯಾದರೂ ಶಿರಾದಲ್ಲೋ ಹಿರಿಯೂರಿನಲ್ಲೋ ಹೆದ್ದಾರಿ ಪಕ್ಕದ ಶಾಲೆಯ ಅಂಗಳಕ್ಕೆ ಬರಬಾರದೇ? ಬಗ್ಗಿ ಒಳಹೋಗಬೇಕೆಂದು ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.