ಕಣ್ಣನ್ನು ತಿದ್ದುವ ಬೆಳಕು

ಹಿಡಕಲ್ ಜಲಾಶಯದ ದಂಡೆಯ ಮೇಲೆ ಇಬ್ಬರು ಗೆಳೆಯರು ನಿಂತಿರುವರೆಂದು ಭಾವಿಸೋಣ. ಬೇಸಗೆಯಲ್ಲಿ ನೀರು ಇಳಿದು, ಮುಳುಗಡೆಯಾಗಿದ್ದ ಹುನ್ನೂರಿನ ವಿಠ್ಠಲ ದೇವಾಲಯವು ತಲೆಯೆತ್ತಿದೆ. ಒಬ್ಬನಿಗೆ ಅದರ ಗೋಡೆಯ ಅಂಚು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಬ್ಬನಿಗೆ ಕಾಣುವುದು ಒಂದು ಮಬ್ಬು ಕಲೆ ಮಾತ್ರ. ಕನ್ನಡಕವನ್ನು ಧರಿಸಿದೊಡನೆ ಅವನಿಗೂ ಎಲ್ಲವೂ ಸ್ಪಷ್ಟವಾಗುತ್ತದೆ. "ಲೇಸರ್ ಚಿಕಿತ್ಸೆ ಮಾಡಿಸಿಕೊಂಡರೆ ಈ ಕನ್ನಡಕದ ಕಾಟವೇ ತಪ್ಪುವುದಂತೆ, ನಿಜವೆ?" ಎಂದು ಅವನು ಕೇಳುತ್ತಾನೆ. ಅವನಿಗೆ ಉತ್ತರ ಹೇಳುವ ಮೊದಲು, ಆ ಬೆಳಕು ಕಣ್ಣಿನಲ್ಲಿ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ನಾವು ತಿಳಿಯಬೇಕು.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪಟಲವೊಂದುಂಟು. ಇದೇ ಕಾರ್ನಿಯಾ. ಬೆಳಕನ್ನು ಬಾಗಿಸುವ ಕೆಲಸವೆಲ್ಲ ಒಳಗಿನ ಮಸೂರದ್ದೆಂದು ಅನೇಕರು ತಿಳಿದಿರುವರು. ಆದರೆ ಕಣ್ಣಿನ ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟು ಕಾರ್ನಿಯಾದಿಂದಲೇ ಬರುತ್ತದೆ. ಬಾವಿಯಲ್ಲಿ ಮುಳುಗು ಹಾಕಿ ಕಣ್ಣು ತೆರೆದವರಿಗೆಲ್ಲ ಇದರ ಅನುಭವವಿದೆ. ಅಲ್ಲಿ ಎಲ್ಲವೂ ಮಸುಕು. ನೀರಿನ ವಕ್ರೀಭವನಾಂಕ 1.33, ಕಾರ್ನಿಯಾದ್ದು 1.376. ಎರಡಕ್ಕೂ ಅಂತರವು ಅತ್ಯಲ್ಪವಾದುದರಿಂದ ಬೆಳಕು ಅಲ್ಲಿ ಹೆಚ್ಚು ಬಾಗುವುದಿಲ್ಲ. ಕಾರ್ನಿಯಾದ ಶಕ್ತಿಯು ನೀರಿನಲ್ಲಿ ಕರಗಿಹೋದಂತಾಗುತ್ತದೆ.

ನಮ್ಮ ಗೆಳೆಯನ ದೋಷವು ಸಮೀಪದೃಷ್ಟಿ. ಸಾಮಾನ್ಯವಾಗಿ ಸುಮಾರು 24 ಮಿಲಿಮೀಟರ್ ಉದ್ದವಿರಬೇಕಾದ ಕಣ್ಣುಗುಡ್ಡೆಯು ಇಂಥವರಲ್ಲಿ ತುಸು ಉದ್ದವಾಗಿ ಬೆಳೆದಿರುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೂ ಸುಮಾರು ಎರಡೂವರೆ ಡಯಾಪ್ಟರಿಗಿಂತ ಕಡಮೆಯಿಲ್ಲದ ದೋಷವುಂಟಾಗುತ್ತದೆ. ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಕನ್ನಡಕದ ನಿಮ್ನ ಮಸೂರವು ಕಿರಣಗಳನ್ನು ಸ್ವಲ್ಪ ಅಗಲಿಸಿ ಬಿಂಬವನ್ನು ಹಿಂದಕ್ಕೆ ತಳ್ಳುತ್ತದೆ. ಲೇಸರ್ ಚಿಕಿತ್ಸೆಯ ಉದ್ದೇಶವೂ ಇದೇ. ಆದರೆ ಹೊರಗೆ ಮಸೂರವನ್ನು ಸೇರಿಸುವ ಬದಲು ಕಾರ್ನಿಯಾದ ನಡುಭಾಗವನ್ನೇ ಅದು ತುಸು ಚಪ್ಪಟೆ ಮಾಡುತ್ತದೆ.

ಇಷ್ಟು ಕೋಮಲವಾದ ಪಟಲವನ್ನು ಸುಡದೆ ಕೆತ್ತುವುದು ಹೇಗೆ? ಚೆನ್ನೈನಲ್ಲಿ ಜನಿಸಿದ ರಂಗಸ್ವಾಮಿ ಶ್ರೀನಿವಾಸನ್ ಅವರು ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಡನೆ ಈ ಪ್ರಶ್ನೆಗೆ ದಾರಿ ತೋರಿಸಿದರು. 1981ರಲ್ಲಿ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕನ್ನು ಪ್ರಯೋಗಾಲಯಕ್ಕೆ ಒಯ್ದು, ಆರ್ಗಾನ್ ಮತ್ತು ಫ್ಲೋರಿನ್ ಅನಿಲಗಳಿಂದ ಹೊಮ್ಮುವ 193 ನ್ಯಾನೊಮೀಟರ್ ತರಂಗದ ಅತಿನೇರಳೆ ಬೆಳಕನ್ನು ಅದರ ಮೇಲೆ ಹಾಯಿಸಿದರು. ಹಸಿರು ಬೆಳಕಿನ ಲೇಸರು ಅಂಚುಗಳನ್ನು ಸುಟ್ಟು ಕರಕಾಗಿಸಿದರೆ, ಇದು ಸುಡದೆ ಅಚ್ಚುಕಟ್ಟಾಗಿ ಕೊರೆಯಿತು. ಈ ಬೆಳಕಿನ ಕಣವು ಅಣುಗಳ ಬಂಧಗಳನ್ನು ನೇರವಾಗಿ ಕಡಿಯುತ್ತದೆ. ತುಣುಕುಗಳು ಹಾರಿಹೋಗುತ್ತವೆ, ಸುತ್ತಲಿನ ಭಾಗಕ್ಕೆ ಶಾಖವು ಹರಡುವಷ್ಟು ಅವಕಾಶವೇ ಇರುವುದಿಲ್ಲ. ಒಂದೊಂದು ಮಿಡಿತವು ಕಾರ್ನಿಯಾದಿಂದ ತೆಗೆಯುವುದು ಒಂದು ಮಿಲಿಮೀಟರಿನ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಗೋಕಾಕದಲ್ಲಿ ಘಟಪ್ರಭೆಯು ಯುಗಯುಗಗಳಿಂದ ಬಂಡೆಯನ್ನು ಸವೆಸುತ್ತಿದೆಯಷ್ಟೆ; ಇಲ್ಲಿಯ ಸವೆತವಾದರೋ ಎಣಿಸಿ ಅಳೆದು ಮಾಡಿದ ಸವೆತ.

ಮೊದಲು ಬಂದ ವಿಧಾನದಲ್ಲಿ ಕಾರ್ನಿಯಾದ ಮೇಲುಪದರವನ್ನು ಸರಿಸಿ ನೇರವಾಗಿ ಕೆತ್ತುತ್ತಿದ್ದರು; ಈಗಲೂ ಅದು ಬಳಕೆಯಲ್ಲಿದೆ. 1990ರ ಸುಮಾರಿಗೆ ಗ್ರೀಸಿನ ಅಯೋನಿಸ್ ಪಲ್ಲಿಕಾರಿಸ್ ಅವರು ತೆಳುವಾದ ಪದರವೊಂದನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅಡಿಯಲ್ಲಿ ಕೆತ್ತಿ, ಮತ್ತೆ ಮುಚ್ಚುವ ಕ್ರಮವನ್ನು ಅನುಸರಿಸಿದರು. ಇದೇ ಲ್ಯಾಸಿಕ್. ಇದರಲ್ಲಿ ನೋವು ಕಡಮೆ, ದೃಷ್ಟಿಯು ಬೇಗ ತಿಳಿಯಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಕಾರ್ನಿಯಾದ ನಡುವಿನ ದಪ್ಪ ಸುಮಾರು 540 ಮೈಕ್ರೋಮೀಟರ್, ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಆರು ಮಿಲಿಮೀಟರ್ ಅಗಲದಲ್ಲಿ ಒಂದು ಡಯಾಪ್ಟರ್ ತಿದ್ದಲು ಸುಮಾರು 12 ಮೈಕ್ರೋಮೀಟರ್ ಕೆತ್ತಬೇಕು. ನಾಲ್ಕು ಡಯಾಪ್ಟರಿಗೆ 48. ಮಗುಚಿದ ಪದರಕ್ಕೆ 110 ಕಳೆದರೆ ಉಳಿಯುವ ತಳವು 382, ಚಿಂತೆಯಿಲ್ಲ. ಆದರೆ ದಪ್ಪವು 480 ಮಾತ್ರವಿದ್ದು ದೋಷವು ಹತ್ತು ಡಯಾಪ್ಟರ್ ಇದ್ದರೆ? ಆಗ ಉಳಿಯುವುದು ಕೇವಲ 250. ಇದಕ್ಕಿಂತ ಕೆಳಗಿಳಿಯಬಾರದೆಂದು ವೈದ್ಯರು ಎಚ್ಚರ ವಹಿಸುವರು. ಕಣ್ಣಿನ ಒಳಗಿನ ಒತ್ತಡವನ್ನು ತಡೆಯಲಾರದೆ ತೆಳುವಾದ ಕಾರ್ನಿಯಾ ಮುಂದಕ್ಕೆ ಉಬ್ಬಬಹುದು. ಕೆಲವರಲ್ಲಿ ಶಸ್ತ್ರಕ್ರಿಯೆಯಿಲ್ಲದೆಯೇ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಎಂಬ ರೋಗವುಂಟು. ಅಂಥವರಿಗೆ ಲ್ಯಾಸಿಕ್ ಸಲ್ಲದು. ಆದುದರಿಂದಲೇ ಮೊದಲು ಕಾರ್ನಿಯಾದ ದಪ್ಪವನ್ನೂ ಉಬ್ಬುತಗ್ಗುಗಳನ್ನೂ ಯಂತ್ರದಿಂದ ಅಳೆಯುತ್ತಾರೆ. ಈ ಅಳತೆಯನ್ನು ಬಿಟ್ಟು ಅವಸರಪಡುವವನು ಕನ್ನಡಕವನ್ನಲ್ಲ, ಕಣ್ಣನ್ನೇ ಪಣಕ್ಕಿಟ್ಟಂತೆ.

ಕಾರ್ನಿಯಾ ಕೆಟ್ಟರೆ ಅದರ ಬೆಲೆಯೇನೆಂಬುದು ಕನ್ನಡಿಗರಿಗೆ 2021ರ ಅಕ್ಟೋಬರಿನಲ್ಲಿ ಮನಸ್ಸಿಗೆ ತಟ್ಟಿತು. ನಟ ಪುನೀತ್ ರಾಜಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡೂ ಕಾರ್ನಿಯಾಗಳನ್ನು ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿಮಾಡಿದರು. ಅರ್ಧ ಮಿಲಿಮೀಟರಿನ ಪಟಲದ ಒಂದೊಂದು ಪದರವೂ ಒಬ್ಬೊಬ್ಬರಿಗೆ ಬೆಳಕಾಯಿತು.

ಇನ್ನು ನಮ್ಮ ಗೆಳೆಯನ ಪ್ರಶ್ನೆಗೆ ಬರೋಣ. ಹದಿನೆಂಟು ತುಂಬಿ, ಕನ್ನಡಕದ ಅಂಕಿ ಒಂದು ವರುಷವಾದರೂ ಬದಲಾಗದೆ ನಿಂತು, ಕಾರ್ನಿಯಾ ಸಾಕಷ್ಟು ದಪ್ಪವಿದ್ದರೆ ಅವನು ಚಿಕಿತ್ಸೆಯನ್ನು ಯೋಚಿಸಬಹುದು. ಕೆಲಕಾಲ ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಉಂಟು. ನಲವತ್ತು ದಾಟಿದ ಮೇಲೆ ಓದಲು ಕನ್ನಡಕವು ಬೇಕಾಗಬಹುದು. ಆ ದೋಷವು ಒಳಗಿನ ಮಸೂರದ್ದು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಲೇಸರು ಕಣ್ಣಿನ ಮುಂಭಾಗವನ್ನು ತಿದ್ದುತ್ತದೆಯೇ ಹೊರತು ಉದ್ದವಾದ ಕಣ್ಣುಗುಡ್ಡೆಯನ್ನು ಗಿಡ್ಡಗೊಳಿಸುವುದಿಲ್ಲ. ಉದ್ದವಾದ ಕಣ್ಣಿನಲ್ಲಿ ಎಳೆತಕ್ಕೆ ಸಿಕ್ಕ ಅಕ್ಷಿಪಟಲವು ಹರಿಯುವ ಅಪಾಯವು ಮೊದಲಿನಂತೆಯೇ ಉಳಿಯುತ್ತದೆ. ದೇವಾಲಯದ ಗೋಡೆಯನ್ನು ಬರಿಗಣ್ಣಿನಿಂದ ಕಂಡು ಸಂತೋಷಪಡುವ ದಿನ ಬಂದರೂ, ವರುಷಕ್ಕೊಮ್ಮೆ ವೈದ್ಯರಿಗೆ ಕಣ್ಣು ತೋರಿಸುವುದನ್ನು ಅವನು ಮರೆಯಬಾರದು.