ತಟ್ಟೆ ನೇಗಿಲಿನ ಕೋನಗಳನ್ನು ಹೊಂದಿಸುವ ಕ್ರಮ

ಭೂಮಿಯನ್ನು ಹದಗೊಳಿಸುವುದೇ ವ್ಯವಸಾಯದ ಮೊದಲನೆಯ ಕೆಲಸವು. ಉಳುಮೆಯು ಕೆಟ್ಟರೆ ಅನಂತರ ಹಾಕಿದ ಗೊಬ್ಬರವೂ ಬಿತ್ತಿದ ಬೀಜವೂ ತಕ್ಕ ಫಲವನ್ನು ಕೊಡಲಾರವು. ಈಗ ಅನೇಕ ಗ್ರಾಮಗಳಲ್ಲಿ ಟ್ರ್ಯಾಕ್ಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದು ತಟ್ಟೆ ನೇಗಿಲಿನಿಂದ ಆಳವಾಗಿ ಉಳಿಸುವ ರೂಢಿಯುಂಟು. ಆದರೆ ಒಂದೇ ಯಂತ್ರವು ಒಬ್ಬರ ಹೊಲದಲ್ಲಿ ಮಣ್ಣನ್ನು ಚೆನ್ನಾಗಿ ಮಗುಚಿ, ಪಕ್ಕದವರ ಹೊಲದಲ್ಲಿ ಮೇಲುಮೇಲಕ್ಕೆ ಕೆರೆದು ಹೋಗುವುದನ್ನು ಜಮೀನುದಾರರು ಕಂಡಿರುವರು. ಆಗ ಚಾಲಕನು ಭೂಮಿಯನ್ನೂ, ಭೂಮಿಯ ಒಡೆಯನು ಯಂತ್ರವನ್ನೂ ದೂಷಿಸುವುದು ಸಾಮಾನ್ಯವು. ಬಹುಮಟ್ಟಿಗೆ ದೋಷವು ಇವೆರಡರಲ್ಲಿಯೂ ಇರುವುದಿಲ್ಲ. ತಟ್ಟೆಗಳ ಕೋನವನ್ನು ಆಯಾ ಮಣ್ಣಿಗೆ ತಕ್ಕಂತೆ ಬದಲಾಯಿಸದೆ ಇರುವುದೇ ಕಾರಣವಾಗಿರುತ್ತದೆ.

ಹೊಸ ಉಪಕರಣದ ಮೇಲೆ ಸಂಶಯ ಪಡುವುದು ಹಿಂದಿನಿಂದಲೂ ಬಂದದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ 1903ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣವು ಭೂಮಿಗೆ ವಿಷವೆಂದು ಭಾವಿಸಿ ರೈತರು ಅದನ್ನು ಕೊಳ್ಳಲು ಹಿಂಜರಿದರು. ಬಳಸಿ ನೋಡಿದ ಮೇಲೆ ಆ ಭಯವು ತಾನಾಗಿ ತೊಲಗಿತು. ತಟ್ಟೆ ನೇಗಿಲನ್ನಾದರೂ ಅದರ ಗುಣವನ್ನು ತಿಳಿದು ನಡೆಸಿದರೆ ಮಾತ್ರ ಅದರ ಬೆಲೆಯು ಗೊತ್ತಾಗುವುದು.

ತಟ್ಟೆ ನೇಗಿಲಿನ ಸ್ವಭಾವ

ಮಣ್ಣು ಮಗುಚುವ ಕಬ್ಬಿಣದ ನೇಗಿಲಿಗೂ ತಟ್ಟೆ ನೇಗಿಲಿಗೂ ಒಂದು ಮುಖ್ಯವಾದ ಭೇದವುಂಟು. ಮೊದಲನೆಯದು ತನ್ನ ಗುಳದ ಬಾಗಿನಿಂದ ತಾನಾಗಿಯೇ ನೆಲದೊಳಕ್ಕೆ ಇಳಿಯುತ್ತದೆ. ತಟ್ಟೆ ನೇಗಿಲಿಗೆ ಈ ಎಳೆತವಿಲ್ಲ. ಅದು ತನ್ನ ಭಾರದಿಂದಲೂ, ತಟ್ಟೆಯನ್ನು ನಿಲ್ಲಿಸಿರುವ ಕೋನದಿಂದಲೂ ಮಾತ್ರ ಇಳಿಯಬೇಕು. ಆದುದರಿಂದಲೇ ಈ ನೇಗಿಲುಗಳನ್ನು ಭಾರವಾಗಿ ಕಟ್ಟಿರುವರು; ಸಾಲದಿದ್ದರೆ ಮೇಲೆ ತೂಕವನ್ನು ಹೇರುವುದೂ ಉಂಟು. ಗುಳದಂತೆ ಉಜ್ಜಿಕೊಂಡು ಹೋಗದೆ, ತಟ್ಟೆಯು ಉರುಳುತ್ತ ಕೊಯ್ಯುವುದರಿಂದ, ಕಲ್ಲು ಬೇರುಗಳಿರುವ ನೆಲದಲ್ಲಿಯೂ, ಒಣಗಿ ಬಿರುಸಾದ ನೆಲದಲ್ಲಿಯೂ, ಗುಳಕ್ಕೆ ಅಂಟಿಕೊಳ್ಳುವ ಜಿಗಟು ಮಣ್ಣಿನಲ್ಲಿಯೂ ಇದು ಉಪಯುಕ್ತವಾಗಿದೆ.

ಎರಡು ಕೋನಗಳು

ಮೊದಲನೆಯದು ತಟ್ಟೆಯ ಕೋನವು. ಟ್ರ್ಯಾಕ್ಟರು ಸಾಗುವ ದಿಕ್ಕಿಗೂ ತಟ್ಟೆಯ ಅಂಚಿನ ಮಟ್ಟಕ್ಕೂ ನಡುವೆ ಇರುವ ಕೋನವೇ ಇದು. ತಟ್ಟೆಯನ್ನು ಗಾಡಿಯ ಗಾಲಿಯಂತೆ ನೇರವಾಗಿ ನಿಲ್ಲಿಸಿದರೆ ಅದು ಸುಮ್ಮನೆ ಉರುಳಿ ಹೋಗುವುದು. ಪೂರ್ತಿ ಅಡ್ಡಲಾಗಿ ನಿಲ್ಲಿಸಿದರೆ ತಿರುಗದೆ ಮಣ್ಣನ್ನು ತಳ್ಳಿಕೊಂಡು ಹೋಗುವುದು. ಇವೆರಡರ ನಡುವೆ, 42 ರಿಂದ 45 ಡಿಗ್ರಿಗಳವರೆಗೆ, ಈ ಕೋನವನ್ನು ಇಡುವುದು ವಾಡಿಕೆ. ಸುಮಾರು 45 ಡಿಗ್ರಿಯಲ್ಲಿ ಎಳೆಯುವ ಶ್ರಮವು ಕಡಿಮೆಯಾಗಿರುತ್ತದೆ. ಕೋನವನ್ನು ಹೆಚ್ಚಿಸಿದರೆ ತಟ್ಟೆಯು ನಿಧಾನವಾಗಿ ತಿರುಗಿ ನೆಲವನ್ನು ಚೆನ್ನಾಗಿ ಕಚ್ಚುತ್ತದೆ. ತಗ್ಗಿಸಿದರೆ ಬೇಗ ಬೇಗ ತಿರುಗಿ, ಇಳಿಯುವ ಗುಣವು ಕಡಿಮೆಯಾಗುತ್ತದೆ.

ಎರಡನೆಯದು ಓರೆಕೋನವು. ತಟ್ಟೆಯ ಮೇಲಂಚು ಹಿಂದಕ್ಕೆ ವಾಲಿರುವ ಪ್ರಮಾಣವನ್ನು ಇದು ತೋರಿಸುತ್ತದೆ. ಇದು 15 ರಿಂದ 25 ಡಿಗ್ರಿಗಳವರೆಗೆ ಇರುತ್ತದೆ. ಒಣಗಿ ಪುಡಿಪುಡಿಯಾಗಿ ಒಡೆಯುವ ಬಿರುಸು ನೆಲದಲ್ಲಿ ತಟ್ಟೆಯನ್ನು ಹೆಚ್ಚು ನೆಟ್ಟಗೆ, ಎಂದರೆ 15 ಡಿಗ್ರಿಯ ಕಡೆಗೆ, ನಿಲ್ಲಿಸಿದರೆ ಅದು ಸುಲಭವಾಗಿ ಇಳಿಯುವುದು. ಜಿಗಟಾದ ಎರೆಮಣ್ಣಿನಲ್ಲಿ ತುಸು ಹೆಚ್ಚಾಗಿ ವಾಲಿಸಿದರೆ ಮಣ್ಣು ತಟ್ಟೆಗೆ ಮೆತ್ತಿಕೊಂಡು ನಿಲ್ಲದೆ ಜಾರಿ ಮಗುಚಿಕೊಳ್ಳುವುದು. ಕೋಲಾರ, ತುಮಕೂರು ಕಡೆಯ ಕೆಮ್ಮಣ್ಣಿನ ಬೆದ್ದಲಿಗೆ ಹೊಂದಿಸಿದ ನೇಗಿಲನ್ನು ಹಾಗೆಯೇ ಗದಗ, ವಿಜಯಪುರ ಕಡೆಯ ಎರೆಹೊಲಕ್ಕೆ ಒಯ್ದರೆ ಅದೇ ಕೆಲಸವನ್ನು ಮಾಡೀತೆಂದು ಎಣಿಸಬಾರದು.

ಕೋನಗಳನ್ನು ಅಳೆಯುವ ಬಗೆ

ಇದಕ್ಕೆ ವಿಶೇಷವಾದ ಉಪಕರಣವು ಬೇಕಿಲ್ಲ. ನೆಟ್ಟನೆಯ ಕೋಲು, ತೂಗುಗುಂಡು, ಅಳತೆಪಟ್ಟಿ, ಇವು ಮೂರಿದ್ದರೆ ಸಾಕು. ನೇಗಿಲನ್ನು ಗಟ್ಟಿಯಾದ ಸಮನೆಲದ ಮೇಲೆ ಇಳಿಸಿ, ಚೌಕಟ್ಟು ಮಟ್ಟವಾಗಿರುವಂತೆ ನಿಲ್ಲಿಸತಕ್ಕದ್ದು. ತಟ್ಟೆಯ ಕೆಳಅಂಚಿಗೆ ತಗಲುವಂತೆ ಅದರ ತಗ್ಗುಮುಖದ ಕಡೆ ಕೋಲನ್ನು ನಿಲ್ಲಿಸಿ, ತೂಗುಗುಂಡಿನಿಂದ ನೆಟ್ಟಗೆ ಮಾಡಿ, ಕೋಲಿನಿಂದ ಮೇಲಂಚಿಗೆ ಇರುವ ಅಡ್ಡದೂರವನ್ನು ಅಳೆಯಬೇಕು. 60 ಸೆಂಟಿಮೀಟರು ಅಗಲದ ತಟ್ಟೆಯಲ್ಲಿ ಈ ದೂರವು ಸುಮಾರು 15½ ಸೆಂಟಿಮೀಟರಾದರೆ ಓರೆಕೋನವು 15 ಡಿಗ್ರಿ, 20½ ಆದರೆ 20 ಡಿಗ್ರಿ, 25½ ಆದರೆ 25 ಡಿಗ್ರಿ ಎಂದು ತಿಳಿಯಬಹುದು. ತಟ್ಟೆಯು ಸವೆದು ಚಿಕ್ಕದಾಗಿದ್ದರೆ ಲೆಕ್ಕವೂ ಆ ಪ್ರಮಾಣದಲ್ಲಿ ತಗ್ಗುವುದು.

ತಟ್ಟೆಯ ಕೋನವನ್ನು ಅರಿಯಲು, ಟ್ರ್ಯಾಕ್ಟರು ಸಾಗುವ ದಿಕ್ಕಿನಲ್ಲಿ ನೆಲದ ಮೇಲೆ ಒಂದು ಗೆರೆಯನ್ನು ಎಳೆಯಬೇಕು. ತಟ್ಟೆಯ ನಡುಮಟ್ಟದಲ್ಲಿ ಅದರ ಎರಡು ಪಕ್ಕದ ಅಂಚುಗಳಿಂದ ತೂಗುಗುಂಡನ್ನು ಇಳಿಬಿಟ್ಟು, ನೆಲದ ಮೇಲೆ ಎರಡು ಗುರುತುಗಳನ್ನು ಮಾಡಬೇಕು. ಗೆರೆಯ ಉದ್ದಕ್ಕೆ ಈ ಗುರುತುಗಳಿಗಿರುವ ಅಂತರವೂ, ಗೆರೆಗೆ ಅಡ್ಡಲಾಗಿ ಇರುವ ಅಂತರವೂ ಸಮವಾದರೆ ಕೋನವು 45 ಡಿಗ್ರಿಯಾಗಿದೆ. ಅಡ್ಡ ಅಂತರವು ಕಡಿಮೆಯಾದರೆ ಕೋನವೂ ಕಡಿಮೆಯೆಂದು ತಿಳಿಯತಕ್ಕದ್ದು.

ಹೊಂದಿಸುವ ಅನುಕ್ರಮ

ಕೋನಗಳಿಗೆ ಕೈಹಾಕುವ ಮೊದಲು ನೇಗಿಲು ಮಟ್ಟವಾಗಿದೆಯೇ ಎಂದು ನೋಡಬೇಕು. ನೇಗಿಲಿನ ಹಿಂದುಮುಂದಿನ ಮಟ್ಟವು ಮೇಲಿನ ಕೊಂಡಿಯಿಂದ, ಎಂದರೆ ಚಾಲಕರು ಟಾಪ್ ಲಿಂಕ್ ಎಂದು ಕರೆಯುವ ಭಾಗದಿಂದ, ಹೊಂದುತ್ತದೆ. ಇದನ್ನು ಗಿಡ್ಡ ಮಾಡಿದರೆ ಮುಂದಿನ ತಟ್ಟೆಯು ಹೆಚ್ಚು ಆಳಕ್ಕೂ, ಉದ್ದ ಮಾಡಿದರೆ ಹಿಂದಿನ ತಟ್ಟೆಯು ಹೆಚ್ಚು ಆಳಕ್ಕೂ ಹೋಗುವುದು. ಇದನ್ನು ತಿರುಗಿಸಿದಾಗ ತಟ್ಟೆಗಳ ವಾಲುವಿಕೆಯೂ ಸ್ವಲ್ಪ ಬದಲಾಗುವುದರಿಂದ, ಈ ಕೆಲಸವನ್ನೇ ಮೊದಲು ಮುಗಿಸತಕ್ಕದ್ದು. ಎಡಬಲದ ಮಟ್ಟವನ್ನು ಎತ್ತುವ ತೋಳಿನ ತಿರುಪಿನಿಂದ ಸರಿಪಡಿಸಬೇಕು.

ಬಳಿಕ ಓರೆಕೋನ, ಅನಂತರ ತಟ್ಟೆಯ ಕೋನ ಎಂಬ ಅನುಕ್ರಮವು ಒಳ್ಳೆಯದು. ಎಲ್ಲ ತಟ್ಟೆಗಳೂ ಒಂದೇ ಕೋನದಲ್ಲಿರಬೇಕು. ಒಂದು ಬೇರೆಯಾದರೂ ಸಾಲುಗಳು ಏರುಪೇರಾಗುವುವು. ಒಂದು ಸಲಕ್ಕೆ ಒಂದೇ ಕೋನವನ್ನು, ಅದನ್ನೂ ಒಂದೇ ರಂಧ್ರದಷ್ಟು ಬದಲಾಯಿಸಿ, ಐವತ್ತು ಹೆಜ್ಜೆಗಳಷ್ಟು ಉತ್ತು ನೋಡಬೇಕು. ಎರಡನ್ನೂ ಒಮ್ಮೆಗೇ ಬದಲಾಯಿಸಿದರೆ ಗುಣವು ಯಾವುದರಿಂದ ಬಂದಿತೆಂಬುದು ತಿಳಿಯುವುದಿಲ್ಲ.

ತಟ್ಟೆಗಳು ಮಣ್ಣನ್ನು ಬಲಕ್ಕೆ ಎಸೆಯುವಾಗ, ಮಣ್ಣು ನೇಗಿಲನ್ನು ಎಡಕ್ಕೆ, ಎಂದರೆ ಉಳದ ನೆಲದ ಕಡೆಗೆ, ತಳ್ಳುತ್ತದೆ. ಈ ಒತ್ತನ್ನು ತಡೆಯುವುದಕ್ಕಾಗಿಯೇ ಹಿಂದುಗಡೆ ಸಾಲುಗಾಲಿಯನ್ನು ಇಟ್ಟಿರುವರು. ಕೋನವನ್ನು ಬದಲಾಯಿಸಿದ ಮೇಲೆ ಈ ಗಾಲಿಯನ್ನೂ ಹೊಂದಿಸದಿದ್ದರೆ ಟ್ರ್ಯಾಕ್ಟರು ಒಂದು ಕಡೆಗೆ ಎಳೆಯುವುದು. ಚಾಲಕನು ದಿನವೆಲ್ಲ ಚಕ್ರವನ್ನು ಹಿಡಿದು ಹೋರಾಡಬೇಕಾಗುವುದು. ಮಣ್ಣು ಕೆರೆಯುವ ಪಟ್ಟಿಯನ್ನು ತಟ್ಟೆಗೆ ತೀರ ಹತ್ತಿರವಾಗಿ, ಆದರೆ ಉಜ್ಜದಂತೆ, ಇಡತಕ್ಕದ್ದು.

ಈ ಕೆಲಸಗಳನ್ನೆಲ್ಲ ಎಂಜಿನನ್ನು ನಿಲ್ಲಿಸಿ, ನೇಗಿಲನ್ನು ನೆಲಕ್ಕೆ ಇಳಿಸಿದ ಮೇಲೆಯೇ ಮಾಡಬೇಕು. ಎತ್ತಿ ನಿಲ್ಲಿಸಿದ ನೇಗಿಲಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಚಾಚುವುದು ಪ್ರಾಣಾಪಾಯಕರವು.

ಜಮೀನುದಾರರು ಹೊಲದಲ್ಲಿ ನೋಡತಕ್ಕ ಅಂಶಗಳು

ನೇಗಿಲು ಇಳಿಯದೆ ತೇಲಿದರೆ, ತಟ್ಟೆಯ ಅಂಚು ಮೊಂಡಾಗಿದೆಯೇ, ಕೈಯಿಂದ ತಿರುಗಿಸಿದರೆ ಅದು ಸಲೀಸಾಗಿ ತಿರುಗುವುದೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಅವು ಸರಿಯಾಗಿದ್ದರೆ ಒಣನೆಲದಲ್ಲಿ ತಟ್ಟೆಯನ್ನು ನೆಟ್ಟಗೆ ಮಾಡಿ, ಸಾಲದಿದ್ದರೆ ತಟ್ಟೆಯ ಕೋನವನ್ನು ಹೆಚ್ಚಿಸಿ, ಆಮೇಲೂ ಸಾಲದಿದ್ದರೆ ಮಾತ್ರ ತೂಕವನ್ನು ಹೇರಬೇಕು. ವೇಗವನ್ನು ಗಂಟೆಗೆ 4 ರಿಂದ 6 ಕಿಲೋಮೀಟರಿನೊಳಗೆ ಇಟ್ಟರೆ ಒಳ್ಳೆಯದು. ಅವಸರದಿಂದ ಓಡಿಸಿದ ನೇಗಿಲು ಮೇಲಕ್ಕೇಳುವುದು.

ಉತ್ತ ಸಾಲಿನ ಮಣ್ಣನ್ನು ಕೈಯಿಂದ ಸರಿಸಿ, ತಳದವರೆಗೆ ಒಂದು ಕಡ್ಡಿಯನ್ನು ಊರಿ ಹತ್ತು ಕಡೆಗಳಲ್ಲಿ ಆಳವನ್ನು ಅಳೆಯಬೇಕು. ಮೇಲೆ ಸಮನಾಗಿ ಕಾಣುವ ಉಳುಮೆಯ ಕೆಳಗೆ ಎರಡು ತಟ್ಟೆಗಳ ನಡುವೆ ಉಳದ ದಿಂಡುಗಳು ಉಳಿದಿರಬಹುದು. ಗರಿಕೆಯೂ ಜೇಕೂ ಅಲ್ಲಿಂದಲೇ ಮತ್ತೆ ಚಿಗುರುವುವು. ಕೊಟ್ಟ ಬಾಡಿಗೆಯು ವ್ಯರ್ಥವಾಗುವುದು. ಹಸಿಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆಮಾಡಿ ಕೆಳಕ್ಕೆ ಬಿಟ್ಟಾಗ, ಅದು ಒಡೆಯದೆ ಹಾಗೆಯೇ ಉಳಿದರೆ ಆ ದಿನ ಉಳಿಸಬಾರದು. ಯಾವ ಕೋನದಿಂದಲೂ ಹದ ತಪ್ಪಿದ ಉಳುಮೆಯನ್ನು ಸರಿಪಡಿಸಲಾಗದು.

ಮೇಲುಮಣ್ಣು ತೆಳುವಾಗಿರುವ ಹೊಲದಲ್ಲಿ, ತಟ್ಟೆಯು ಇಳಿಯುವುದೆಂಬ ಉತ್ಸಾಹದಿಂದ ಆಳಕ್ಕೆ ಉತ್ತು ಅಡಿಯ ಗೊರಜನ್ನು ಮೇಲಕ್ಕೆ ತರುವುದು ಲಾಭಕ್ಕೆ ಬದಲಾಗಿ ನಷ್ಟವನ್ನೇ ಉಂಟುಮಾಡುವುದು. ಇಳಿಜಾರಿನ ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ, ಸಾಧ್ಯವಾದಷ್ಟು ಮಣ್ಣು ಮೇಲಿನ ಕಡೆಗೆ ಬೀಳುವಂತೆ ಉಳಿಸತಕ್ಕದ್ದು.

ಗ್ರಾಮದ ಮುಖ್ಯಸ್ಥರು ಮಾಡಬಹುದಾದ ಉಪಕಾರವೊಂದುಂಟು. ಬಾಡಿಗೆಯ ಟ್ರ್ಯಾಕ್ಟರು ಊರಿಗೆ ಬಂದ ದಿನ ಮೊದಲನೆಯ ಹೊಲದಲ್ಲಿಯೇ ರೈತರನ್ನೂ ಚಾಲಕನನ್ನೂ ಸೇರಿಸಿ, ಆ ಊರಿನ ಮಣ್ಣಿಗೆ ಒಪ್ಪುವ ಕೋನವನ್ನು ನಿಶ್ಚಯಿಸಿ, ಅದರ ಅಳತೆಯನ್ನು ಬರೆದಿಟ್ಟರೆ, ಮುಂದಿನ ವರ್ಷಕ್ಕೂ ಅದು ನೆರವಾಗುವುದು. ಹೀಗೆ ಅರ್ಧ ಗಂಟೆಯನ್ನು ಹೊಂದಿಸುವುದಕ್ಕೆ ವ್ಯಯಮಾಡಿದವರು ಇಡೀ ದಿನದ ಎಣ್ಣೆಯನ್ನೂ ಹಣವನ್ನೂ ಉಳಿಸಿಕೊಳ್ಳುವರು. ಬಾಡಿಗೆಯ ವಿಷಯದಲ್ಲಿ ಹುಟ್ಟುವ ವ್ಯಾಜ್ಯಗಳೂ ತಾವಾಗಿಯೇ ಕಡಿಮೆಯಾಗುವುವು.