ದುಡಿದು ಗಳಿಸಲಾಗದ ರಕ್ಷಣೆ

ಮನುಷ್ಯ ತನ್ನ ಪುಣ್ಯದ ಬಲದಿಂದ ದೇವರನ್ನು ಸೇರಲಾರ, ದೇವರೇ ಕೃಪೆಯಿಂದ ಅವನನ್ನು ರಕ್ಷಿಸುತ್ತಾನೆ ಎಂಬುದು ಕ್ರೈಸ್ತ ಧರ್ಮದ ತಿರುಳು. ಯೇಸು ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದುಬಂದದ್ದರಿಂದ ಪಾಪದ ಬಿಡುಗಡೆಗೆ ದಾರಿ ತೆರೆದಿದೆ. ಅದನ್ನು ನಂಬಿಕೆಯಿಂದ ಬರಮಾಡಿಕೊಳ್ಳುವುದು ಮನುಷ್ಯನ ಪಾಲು. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಪೌಲನು ಇದನ್ನು ಕೂಲಿಯ ಲೆಕ್ಕದಲ್ಲಿ ವಿವರಿಸುತ್ತಾನೆ. ದುಡಿದವನ ಸಂಬಳ ಅವನ ಹಕ್ಕು, ಅದು ಯಾರ ದಾನವೂ ಅಲ್ಲ. ಪಾಳಿಯ ಮೇಲೆ ಚಿನ್ನದ ಗಣಿಗಿಳಿಯುವ ರಾಯಚೂರು ಜಿಲ್ಲೆಯ ಹಟ್ಟಿಯ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಕ್ಷಣೆ ಆ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದೇ ಪೌಲನ ವಾದ.

ಹರಿದಾಸ ಕವಿ ಮಾನ್ವಿಯ ಜಗನ್ನಾಥದಾಸರು ಬಾಳಿದ ಈ ಸೀಮೆಗೆ ದೈವಕೃಪೆಯ ಮಾತು ಹೊಸದಲ್ಲ. ಆದರೆ ಕ್ರೈಸ್ತರು ಆ ಕೃಪೆಯನ್ನು ಚರಿತ್ರೆಯ ಒಂದೇ ಘಟನೆಗೆ, ಕ್ರಿಸ್ತನ ಮರಣ ಮತ್ತು ಪುನರುತ್ಥಾನಕ್ಕೆ ಕಟ್ಟುತ್ತಾರೆ. ನಂಬಿಕೆಯೆಂದರೆ ದೇವರಿದ್ದಾನೆಂದು ಒಪ್ಪುವುದಷ್ಟೇ ಅಲ್ಲ. ಅಷ್ಟನ್ನು ದೆವ್ವಗಳೂ ಒಪ್ಪುತ್ತವೆ ಎನ್ನುತ್ತಾನೆ ಯಾಕೋಬ ತನ್ನ ಪತ್ರಿಕೆಯಲ್ಲಿ. ಬಾಳನ್ನೇ ದೇವರ ಕೈಗೆ ಒಪ್ಪಿಸುವುದು ನಂಬಿಕೆ. ಹಾಗಾದರೆ ಸತ್ಕಾರ್ಯಗಳು ಬೇಡವೇ? ಬೇಕು. ಆದರೆ ಅವು ರಕ್ಷಣೆಗೆ ತೆರುವ ಬೆಲೆಯಲ್ಲ, ಅದರಿಂದ ಹುಟ್ಟುವ ಫಲ.

ಈ ಕೊನೆಯ ಮಾತೇ ಪಶ್ಚಿಮದ ಸಭೆಯನ್ನು ಒಡೆಯಿತು. 1517ರಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರ್, ನಂಬಿಕೆಯೊಂದರಿಂದಲೇ ಮನುಷ್ಯ ನೀತಿವಂತನೆನಿಸುತ್ತಾನೆ ಎಂದು ಸಾರಿದ. ಕೃಪೆಯೇ ಮೊದಲು, ಆದರೆ ಮನುಷ್ಯ ಅದಕ್ಕೆ ಒಪ್ಪಿ ಸಹಕರಿಸಬೇಕು ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಉತ್ತರಿಸಿತು. 1738ರ ಮೇ 24ರಂದು ಲಂಡನ್ನಿನಲ್ಲಿ ತನ್ನ ಪಾಪಕ್ಷಮೆಯ ಭರವಸೆ ಕಂಡುಕೊಂಡ ಜಾನ್ ವೆಸ್ಲಿ, ಅಂದರೆ ಮೆಥೋಡಿಸ್ಟ್ ಪಂಥದ ಮೂಲಪುರುಷ, ಲೂಥರನ ದಾರಿಯಲ್ಲೇ ನಡೆದ. ಆದರೂ ಕೃಪೆ ಪಡೆದವನು ದಿನದಿನವೂ ಪರಿಶುದ್ಧತೆಯಲ್ಲಿ ಬೆಳೆಯಬೇಕೆಂದು ಒತ್ತಿ ಹೇಳಿದ.

ರಾಯಚೂರು ಜಿಲ್ಲೆಯಲ್ಲಿ ಕಥೋಲಿಕ, ಮೆಥೋಡಿಸ್ಟ್ ಎರಡೂ ಪರಂಪರೆಗಳು ಇವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೋಲಿಕ ಸಮುದಾಯ ಬಿಜಾಪುರದ ಆದಿಲಶಾಹಿಗಳ ಕಾಲದ್ದು, ಗೋವೆಯಿಂದ ಬಂದ ಜೆಸ್ವಿತ್ ಪಾದ್ರಿಗಳಿಂದ ಬೆಳೆದದ್ದು. ಮೆಥೋಡಿಸ್ಟರು ಬಂದದ್ದು ಬಹುಕಾಲದ ನಂತರ.

ಲೂಥರನ ಕಾಲದ ಆ ಒಡಕನ್ನು ಕಿರಿದುಗೊಳಿಸಲು 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ಮನುಷ್ಯನನ್ನು ಅಂಗೀಕರಿಸುವುದು ಅವನ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದಲೇ, ಸತ್ಕಾರ್ಯಕ್ಕೆ ಶಕ್ತಿ ಕೊಡುವುದೂ ಆ ಕೃಪೆಯೇ. 2006ರಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥೋಡಿಸ್ಟ್ ಮಂಡಳಿಯೂ ಇದಕ್ಕೆ ಒಪ್ಪಿಗೆ ನೀಡಿತು. ಸುಮಾರು ಐದು ಶತಮಾನಗಳ ಜಗಳದಲ್ಲಿ ಇದು ಸಣ್ಣ ಹೆಜ್ಜೆಯಲ್ಲ. ಆದರೆ ಪೋಪರ ಅಧಿಕಾರ, ಸಂಸ್ಕಾರಗಳ ಸಂಖ್ಯೆ, ಗುರುದೀಕ್ಷೆಯ ಕುರಿತ ಭಿನ್ನಮತ ಉಳಿದಿದೆ. ಹಾಗಾಗಿ ಕಥೋಲಿಕರ ಮತ್ತು ಮೆಥೋಡಿಸ್ಟರ ಪ್ರಭುಭೋಜನ ಇಂದಿಗೂ ಬೇರೆಬೇರೆಯಾಗಿಯೇ ನಡೆಯುತ್ತದೆ.